ಹೇಳಿದ ಮಗುವಿಗೆ ಏಟಿಲ್ಲ ಅಂತ ಶಾಲೆ ಗೋಡೆ ಮೇಲೆ ಬರೆಸಿ

ಮಂಡ್ಯ ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲೆಯ ಹೈಸ್ಕೂಲುಗಳ ಮೇಷ್ಟ್ರು-ಮೇಡಂಗಳಿಗೆ, ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಸಮಿತಿಯವರಿಗೆ), ಹಾಗೇ ಮನೆಯಲ್ಲಿ ಒಂದು ಸ್ಮಾರ್ಟ್‌ಫೋನೂ ಒಂದು ಮಗುವೂ ಇರುವ ಎಲ್ಲರಿಗೂ,

ಮಾನ್ಯರೇ,

ಗುತ್ತಲು ರಸ್ತೆಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇದೆ. ಹದಿನಾಲ್ಕು ವರ್ಷ ಆಯ್ತು. ಡಿಸ್‌ಪ್ಲೇ ಹಾಕುವುದು, ಚಾರ್ಜಿಂಗ್ ಪಿನ್ ಬದಲಿಸುವುದು, ರೀಚಾರ್ಜ್, ಟೆಂಪರ್ಡ್ ಗ್ಲಾಸು, ಇಷ್ಟೇ ನನ್ನ ಕೆಲಸ. ಓದಿದ್ದು ಐಟಿಐ. ಸೈಬರ್ ತಜ್ಞ ಅಂತ ನನ್ನನ್ನು ಯಾರೂ ಕರೆಯುವುದಿಲ್ಲ, ಕರೆದರೂ ನಾನು ತಿರುಗಿ ನೋಡುವುದಿಲ್ಲ. ಆದರೆ ದಿನಕ್ಕೆ ಹದಿನೈದು ಇಪ್ಪತ್ತು ಫೋನು ಲಾಕ್ ತೆಗೆದೇ ನನ್ನ ಕೈಗೆ ಬರುತ್ತವೆ. ಬೇಡ ಅಂದರೂ ಒಳಗಿರುವುದು ಕಣ್ಣಿಗೆ ಬೀಳುತ್ತದೆ. ಅದಕ್ಕೇ ಈ ಪತ್ರ.

ಮೊದಲು ನಮ್ಮ ಮನೆಯದ್ದೇ ಹೇಳಿಬಿಡ್ತೀನಿ. ಊರಿನವರ ಕತೆ ಹೇಳಿ ನಮ್ಮದು ಮುಚ್ಚಿಟ್ಟರೆ ಸರಿಯಲ್ಲ, ಅಲ್ವಾ?

ನನ್ನ ತಂಗಿಯನ್ನು ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಎರಡು ಹಸು, ಒಂದಿಷ್ಟು ಹೊಲ. ಹಾಲಿನ ಬಟವಾಡೆ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲ ಅವಳದೇ ಖಾತೆಗೆ ಬೀಳುತ್ತದೆ. ಕಳೆದ ಆಷಾಢದಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಬಸ್ಸು ಇಳಿದು ನೇರ ಅಂಗಡಿಗೆ ಬಂದಳು. ಜೊತೆಗೆ ಒಂಬತ್ತನೇ ಕ್ಲಾಸಿನ ಮಗ. ಅವಳ ಕೈಯಲ್ಲಿ ಪಾಸ್‌ಬುಕ್ಕು, ಅವನ ಕಣ್ಣು ನೆಲದ ಮೇಲೆ.

"ಎಲ್ಲಾ ವೋಯ್ತು ಕಣಣ್ಣ. ಬ್ಯಾಂಕ್‌ನೋರು ನೀವೇ ತೆಗ್ದಿದೀರ ಅಂತಾರೆ. ನಾನ್ಯಾವಾಗ ತೆಗೆದೆ?"

ಪಾಸ್‌ಬುಕ್ಕಿನಲ್ಲಿ ಸಾಲಾಗಿ ನಾಲ್ಕು ಯುಪಿಐ. 299. ಆಮೇಲೆ 2,000. ಆಮೇಲೆ 4,500. ಕೊನೆಗೆ 6,000. ಒಟ್ಟು 12,799 ರೂಪಾಯಿ. ಉಳಿದಿದ್ದು 212. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಅವರು ಹೇಳಿದ್ದರಲ್ಲಿ ಅರ್ಧ ನಿಜವೇ. ಪಿನ್ ಒತ್ತಿಯೇ ದುಡ್ಡು ಹೋಗಿತ್ತು. ಒತ್ತಿದ್ದು ಮಾತ್ರ ಅವಳಲ್ಲ.

ನಮ್ಮ ಹಳ್ಳಿಗಳಲ್ಲಿ ಫೋನು ಅವ್ವನದು, ಪಿನ್ನು ಮಗನದು. ಇದು ಇಲಾಖೆಯವರಿಗೆ ಗೊತ್ತಿರಲೇಬೇಕಾದ ಸಂಗತಿ. ಕರೆಂಟ್ ಬಿಲ್ ಕಟ್ಟುವವನು ಅವನು, ಗ್ಯಾಸ್ ಬುಕ್ ಮಾಡುವವನು ಅವನು, ದುಡ್ಡು ಬಂತಾ ಅಂತ ಮೆಸೇಜ್ ನೋಡಿ ಹೇಳುವವನೂ ಅವನೇ. ನನ್ನ ತಂಗಿಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ, ಫೋನಿನ ಇಂಗ್ಲಿಷು ಬರುವುದಿಲ್ಲ. ಮನೆಯ ಲೆಕ್ಕಪತ್ರವೆಲ್ಲ ಹದಿನಾಲ್ಕು ವರ್ಷದ ಹುಡುಗನ ಹೆಬ್ಬೆರಳಲ್ಲಿದೆ. ಆ ಹೆಬ್ಬೆರಳೇ ಸಂಜೆ ಫ್ರೀ ಫೈರ್ ಆಡುತ್ತದೆ.

ನಾನು ಆವತ್ತು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕೈ ಎತ್ತಿದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿ ಇದ್ದರು, ಅವರ ಮುಂದೆಯೇ. ಹುಡುಗ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ. ಅಷ್ಟು ಬೇಗ ಕೂತ ಅಂದರೆ ಅದು ಅಭ್ಯಾಸ. ಅದನ್ನು ನೋಡಿ ನನ್ನ ಕೈ ತಾನಾಗಿ ಕೆಳಗೆ ಬಂತು. ಪಕ್ಕದ ಅಂಗಡಿಯಿಂದ ಟೀ, ಬನ್ನು ತರಿಸಿ ಒಳಗೆ ಕೂರಿಸಿದೆ. ಬನ್ನು ಮುಗಿಯುವ ಹೊತ್ತಿಗೆ ಎಲ್ಲ ಹೇಳಿದ.

ಅವನಿಗೆ ಒಂದು ಒಳ್ಳೆ ಐಡಿ ಬೇಕಿತ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ: ಐಡಿ ಅಂದರೆ ಗೇಮಿನ ಖಾತೆ. ಹಳೆಯ ಐಡಿಯಲ್ಲಿ ಅಪರೂಪದ ಗನ್ ಸ್ಕಿನ್ನು (ಬಂದೂಕಿನ ಬಣ್ಣದ ಅಲಂಕಾರ), ಡ್ರೆಸ್ಸು ಇರುತ್ತವೆ. ಅಂಥ ಐಡಿ ಇದ್ದವನನ್ನು ಕ್ಲಾಸಿನಲ್ಲಿ ಕೇಳುವ ರೀತಿಯೇ ಬೇರೆ. ಟೆಲಿಗ್ರಾಮ್ ಗ್ರೂಪಿನಲ್ಲಿ ಒಬ್ಬ ಸೆಲ್ಲರ್ 299ಕ್ಕೆ ಕೊಡ್ತೀನಿ ಅಂದ. ಕನ್ನಡದಲ್ಲೇ ಬರೆಯುತ್ತಿದ್ದ, ಬಾಯ್ತುಂಬ ಬ್ರೋ ಬ್ರೋ. ಅದಕ್ಕೇ ನಂಬಿಕೆ ಬಂತು ಅಂದ ಹುಡುಗ. 299 ಹೋಯಿತು, ಐಡಿ ಬರಲಿಲ್ಲ. "ಐಡಿ ಲಾಕ್ ಆಗಿದೆ ಬ್ರೋ, 2,000 ಡೆಪಾಸಿಟ್ ಹಾಕು, ಐದು ನಿಮಿಷದಲ್ಲಿ ವಾಪಸ್ ಬರುತ್ತೆ." ಅದೂ ಹೋಯಿತು. ಹುಡುಗ ಅಳುವ ಮುಖದ ಇಮೋಜಿ ಹಾಕಿ ದುಡ್ಡು ವಾಪಸ್ ಕೇಳಿದ. "ರಿಫಂಡ್ ಕಳಿಸ್ತಿದೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತು." ಒತ್ತಿದ. 4,500 ಬರಲಿಲ್ಲ, ಹೋಯಿತು.

ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. ಬ್ಯಾಲೆನ್ಸ್ ನೋಡಲು, ಪಿನ್ ಬದಲಿಸಲು ಬಿಟ್ಟರೆ, ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಈ ಒಂದು ವಾಕ್ಯ ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮಾವ ಮೊಬೈಲ್ ಅಂಗಡಿಯವನು, ನೋಡಿ!

ನಾಲ್ಕನೇದ್ದು ನನ್ನ ನಿದ್ದೆ ಕೆಡಿಸಿದ್ದು. ಆ 6,000 ಐಡಿಗೂ ಅಲ್ಲ, ರಿಫಂಡಿಗೂ ಅಲ್ಲ. ಆ ಮೆಸೇಜು ಫೋನಿನಲ್ಲಿ ಹಾಗೇ ಇತ್ತು. "ಪೇಮೆಂಟ್ ಲೇಡೀಸ್ ಹೆಸರಲ್ಲಿ ಬಂದಿದೆ. ಅಮ್ಮನ ಅಕೌಂಟಿಂದ ಕದ್ದಿದೀಯ ಅಲ್ವಾ? ಇದೇ ನಂಬರಿಗೆ ಫೋನ್ ಮಾಡಿ ನಿಮ್ಮಪ್ಪನಿಗೆ ಹೇಳ್ತೀನಿ. ಬೇಡ ಅಂದ್ರೆ 6,000 ಹಾಕು." ಹುಡುಗ ಹಾಕಿದ.

ಆ ಕಳ್ಳ ಯಾವ ಊರಿನವನೋ. ನಮ್ಮ ಭಾವನನ್ನು ಅವನು ಕಣ್ಣಲ್ಲಿ ಕಂಡಿಲ್ಲ. ಆದರೆ ನಮ್ಮ ಮನೆಯ ಗೋಡೆಗೆ ಒಂದು ಬೆಲ್ಟು ನೇತುಹಾಕಿದೆ ಅಂತ ಅವನಿಗೆ ಗೊತ್ತಿತ್ತು. ಆ ಬೆಲ್ಟು ತೋರಿಸಿಯೇ ದುಡ್ಡು ಕಿತ್ತ.

ಶನಿವಾರ ಶುರುವಾಗಿ ಮಂಗಳವಾರಕ್ಕೆ ನಾಲ್ಕೂ ಮುಗಿದಿತ್ತು. ತಂಗಿಗೆ ಗೊತ್ತಾಗಿದ್ದು ಹದಿನಾರು ದಿನದ ಮೇಲೆ, ಬ್ಯಾಂಕಿಗೆ ಹೋದಾಗ. ಬ್ಯಾಂಕಿನ ಮೆಸೇಜನ್ನೆಲ್ಲ ಹುಡುಗ ಅಳಿಸಿಹಾಕಿದ್ದ. ಆ ಹದಿನಾರು ದಿನ ಅವನು ಸ್ಕೂಲಿಗೆ ಹೋಗಿದ್ದಾನೆ, ಬಂದಿದ್ದಾನೆ. "ಸರಿಯಾಗಿ ಉಣ್ತಿರ್ಲಿಲ್ಲ ಕಣಣ್ಣ, ದೃಷ್ಟಿ ಆಗದೆ ಅಂತ ಎರಡು ಸಲ ನಿವಾಳಿಸಾಕಿದ್ದೆ" ಅಂದಳು ತಂಗಿ.

ಅಂಗಡಿಯಿಂದಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ಅತ್ತ ಕಡೆಯವರು ಸಮಾಧಾನವಾಗಿಯೇ ಕೇಳಿದರು: ಯಾವ ಬ್ಯಾಂಕು, ಖಾತೆ ನಂಬರ್ ಎಷ್ಟು, ಯಾವ ದಿನ, ಎಷ್ಟು ಹೊತ್ತಿಗೆ, ಪ್ರತಿ ಪೇಮೆಂಟಿನ ಹನ್ನೆರಡು ಅಂಕಿಯ ಯುಟಿಆರ್, ಅಂದರೆ ಆ ಪೇಮೆಂಟಿನ ಗುರುತಿನ ನಂಬರು. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಹಾಕಿ, ಸ್ಕ್ರೀನ್‌ಶಾಟ್ ಸೇರಿಸಿದೆವು. ದೂರಿನ ನಂಬರ್ ಬಂತು. ದುಡ್ಡು ಮಾತ್ರ ಅಷ್ಟು ಹೊತ್ತಿಗೆ ಎಷ್ಟು ಖಾತೆ ದಾಟಿತ್ತೋ. ಇವತ್ತಿನವರೆಗೂ ಬಂದಿಲ್ಲ.

1930 ಕೆಲಸ ಮಾಡುವ ರೀತಿ ಒಂದಿಷ್ಟು ಹೇಳಬೇಕು. ಯಾಕೆಂದರೆ ಅದನ್ನು ಬರೀ ದೂರಿನ ನಂಬರ್ ಅಂದುಕೊಂಡವರೇ ಜಾಸ್ತಿ. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರದ ವ್ಯವಸ್ಥೆ. ಬ್ಯಾಂಕುಗಳು, ಪೇಮೆಂಟ್ ಕಂಪನಿಗಳು ಇದಕ್ಕೆ ಸೇರಿಕೊಂಡಿವೆ. ನೀವು ಯುಟಿಆರ್ ಹೇಳಿದ ಕೂಡಲೇ ದುಡ್ಡು ಹೋದ ಖಾತೆಯ ಬ್ಯಾಂಕಿಗೆ ಸುದ್ದಿ ಹೋಗುತ್ತದೆ. ದುಡ್ಡು ಇನ್ನೂ ಅಲ್ಲೇ ಇದ್ದರೆ ಅಲ್ಲೇ ತಡೆ. ಮುಂದಿನ ಖಾತೆಗೆ ಹಾರಿದ್ದರೆ ಅಲ್ಲಿಗೆ ಹಿಂಬಾಲಿಸುತ್ತಾರೆ. ಕಳ್ಳರು ಬೇಗ ಬೇಗ ಖಾತೆ ದಾಟಿಸುತ್ತಾರೆ, ಎಟಿಎಂನಲ್ಲಿ ಬಿಡಿಸುತ್ತಾರೆ. ಹಾಗಾಗಿ ಇದು ಓಟದ ಪಂದ್ಯ. ಮೊದಲ ಗಂಟೆಗೆ ಇರುವ ಬೆಲೆ ಮಾರನೇ ದಿನಕ್ಕಿಲ್ಲ.

ಹೊಣೆಯ ವಿಷಯದಲ್ಲೂ ಹೀಗೇ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತ್ತು. ನಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಹೊರಗಿನವರು ಯಾರೋ ದುಡ್ಡು ತೆಗೆದರು ಅಂದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಬರಬಾರದು ಅಂತ ಅದರಲ್ಲಿತ್ತು. ಪಿನ್, ಪಾಸ್‌ವರ್ಡ್ ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. "ತಿಳಿಸುವವರೆಗೆ" ಅನ್ನುವ ಪದದ ಮೇಲೆ ಗಮನ ಇಡಿ. ನಮ್ಮ ಹುಡುಗ ಶನಿವಾರ ಸಂಜೆಯೇ ಬಾಯಿ ಬಿಟ್ಟಿದ್ದರೆ 299ಕ್ಕೇ ಮುಗಿಯುತ್ತಿತ್ತು.

ಅವನು ಯಾಕೆ ಬಾಯಿ ಬಿಡಲಿಲ್ಲ? ಅಪ್ಪನ ಭಯ ಒಂದು. "ಮೇಷ್ಟ್ರಿಗಾದರೂ ಹೇಳಬಾರದಿತ್ತೇನೋ?" ಅಂತ ಕೇಳಿದೆ. ಅದಕ್ಕವನು ಕೊಟ್ಟ ಉತ್ತರಕ್ಕೋಸ್ಕರವೇ ಈ ಪತ್ರ ನಿಮಗೆ ಬರೆಯುತ್ತಿರುವುದು.

"ಹೆಂಗ್ ಹೇಳದು ಮಾವ. ಪ್ರತಿಜ್ಞೆ ಮಾಡ್ಸಿದ್ರಲ್ಲ."

ಅದಾಗುವ ಮೂರು ವಾರದ ಹಿಂದೆ ಅವರ ಸ್ಕೂಲಿನಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ನಡೆದಿತ್ತಂತೆ. ಸ್ಕೂಲಿನ ಹೆಸರು ಬೇಡ, ಎಲ್ಲ ಕಡೆಯೂ ಹೀಗೇ ನಡೆಯುವುದು. ಫ್ಲೆಕ್ಸು, ದೀಪ, ಅತಿಥಿಗಳಿಗೆ ಹಾರ. ಒಂದೂವರೆ ಗಂಟೆ ಭಾಷಣ. ಮೊಬೈಲ್ ಮುಟ್ಟಬೇಡಿ, ಗೇಮ್ ಆಡುವವರು ಹಾಳಾಗಿ ಹೋಗ್ತಾರೆ, ಅಪ್ಪ ಅಮ್ಮನ ಬೆವರಿನ ದುಡ್ಡು. ಕೊನೆಗೆ ಎಲ್ಲರೂ ಎದ್ದು ನಿಂತು, ಬಲಗೈ ಮುಂದೆ ಚಾಚಿ, ಇನ್ನು ಮುಂದೆ ಆನ್‌ಲೈನ್ ಗೇಮ್ ಆಡುವುದಿಲ್ಲ ಅಂತ ಪ್ರತಿಜ್ಞೆ. ನಮ್ಮ ಹುಡುಗನೂ ಕೈ ಚಾಚಿದ್ದ. ಅವತ್ತು ಸಂಜೆ ಮನೆಗೆ ಹೋಗಿ ಎಂದಿನಂತೆ ಆಡಿದ್ದ. ಅಲ್ಲಿ ಕೈ ಚಾಚಿದ್ದ ಉಳಿದ ಹುಡುಗರೂ ಆಡಿರ್ತಾರೆ, ಬಿಡಿ.

ಈಗ ಯೋಚಿಸಿ. ಪ್ರತಿಜ್ಞೆ ಮುರಿದವನು ಯಾವ ಮುಖ ಇಟ್ಟುಕೊಂಡು ಮೇಷ್ಟ್ರ ಹತ್ರ ಹೋಗ್ತಾನೆ? ಮೋಸ ಹೋದೆ ಅಂತ ಹೇಳುವುದಕ್ಕೆ ಮೊದಲು ಆಡಿದೆ ಅಂತ ಹೇಳಬೇಕು. ಆ ಮೊದಲನೇ ಮಾತನ್ನೇ ನಾವು ಅಪರಾಧ ಮಾಡಿಟ್ಟಿದ್ದೇವೆ. ಎರಡನೇ ಮಾತು ಎಲ್ಲಿಂದ ಬರಬೇಕು?

ನಿಮ್ಮ ಮೇಷ್ಟ್ರುಗಳನ್ನು ಬೈಯಲು ಬರೆಯುತ್ತಿಲ್ಲ ಸ್ವಾಮಿ. ಅವರ ಮೇಲೆ ಇರುವ ಭಾರ ನನಗೂ ಗೊತ್ತು. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಗಣತಿ, ಚುನಾವಣೆ. ಅದರ ಮೇಲೆ ಇದೊಂದು. ಆದರೆ ಇರುವ ಒಂದೂವರೆ ಗಂಟೆಯಲ್ಲಿ ಏನು ಹೇಳಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ.

ಬೇಡ ಅನ್ನುವುದು ಏನು ಮಾಡುತ್ತೆ ಅನ್ನುವುದನ್ನು ನಾನು ಕೌಂಟರ್ ಹಿಂದೆ ಕೂತು ನೋಡಿದ್ದೇನೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕುರಿ ಮಾರಿ ಫೋನ್ ತಗೊಂಡು ಹೋದವರಿದ್ದಾರೆ. ಕ್ಲಾಸು ಮುಗಿದವು, ಫೋನು ಉಳಿಯಿತು, ಪಬ್‌ಜಿ ಬಂತು. ಅದೇ ವರ್ಷ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ನಿಷೇಧಿಸಿತು. ಹುಡುಗರು ಬಿಟ್ಟರಾ? ಏಪಿಕೆ (ನೇರವಾಗಿ ಇಳಿಸಿ ಹಾಕಿಕೊಳ್ಳುವ ಆ್ಯಪ್ ಫೈಲು) ಅನ್ನುವ ಪದ ನಮ್ಮ ಬೀದಿಯ ಹುಡುಗರ ಬಾಯಲ್ಲಿ ನಾನು ಕೇಳಿದ್ದೇ ಆಮೇಲೆ. ಪ್ಲೇ ಸ್ಟೋರಿನಲ್ಲಿ ಸಿಗದಿದ್ದರೆ ಬೇರೆ ಕಡೆಯಿಂದ ಇಳಿಸಿಕೊಳ್ಳುವುದು, ಫೋನು ಬೇಡ ಅಂದರೆ ಸೆಟ್ಟಿಂಗಿಗೆ ಹೋಗಿ ಪರವಾಗಿಲ್ಲ ಅನ್ನುವುದು, ಎಲ್ಲ ಕಲಿತರು. 2021ರ ಜುಲೈನಲ್ಲಿ ಬಿಜಿಎಂಐ ಅಂತ ಬೇರೆ ಹೆಸರಲ್ಲಿ ಅದೇ ಆಟ ಬಂತು. ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ ಅನ್ನುವ ಮಿತಿಯನ್ನೂ ಜೊತೆಗೆ ತಂದಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಕೂಡ ಹೋಯಿತು, 2023ರ ಮೇನಲ್ಲಿ ವಾಪಸ್ ಬಂತು. ಇಷ್ಟು ಬಂದು ಹೋಗುವಷ್ಟರಲ್ಲಿ ಒಬ್ಬ ಹುಡುಗನೂ ಆಟ ಮರೆಯಲಿಲ್ಲ. ವಯಸ್ಸಿನ ಮಿತಿ ಬಗ್ಗೆ ಕೇಳಿದರೆ, ನಮ್ಮ ಅಳಿಯ ಗೇಮಿನ ಪ್ರಕಾರ ಹುಟ್ಟಿದ್ದು 1998ರಲ್ಲಿ. ಅವರ ಅವ್ವನ ಮದುವೆಗಿಂತ ಹತ್ತು ವರ್ಷ ಮೊದಲು.

ದುಡ್ಡು ಕಟ್ಟಿ ಆಡುವ ಆಟದ ಮಾತು ಬೇರೆ. ಅದನ್ನು ನಿಲ್ಲಿಸಿದ್ದು ಒಳ್ಳೇದೇ ಆಯ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿತು, 22ನೇ ತಾರೀಖು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ. ಇದನ್ನು ಮಕ್ಕಳಿಗೆ, ಅವರ ಅಣ್ಣಂದಿರಿಗೆ ಗಟ್ಟಿಯಾಗಿ ಹೇಳಿ. ಎಷ್ಟೋ ಜನ ನಮ್ಮನ್ನೇ ಒಳಗೆ ಹಾಕ್ತಾರೆ ಅಂತ ಹೆದರಿ ಮೋಸ ಹೋದದ್ದನ್ನು ಹೇಳುವುದಿಲ್ಲ. ದೊಡ್ಡ ಕಂಪನಿಗಳು ಅಂಗಡಿ ಮುಚ್ಚಿದವು, ಸರಿ. ಕಲರ್ ಪ್ರಿಡಿಕ್ಷನ್ (ಬಣ್ಣ ಊಹಿಸಿ ದುಡ್ಡು ಕಟ್ಟುವುದು), ವಿಮಾನ ಹಾರಿಸುವ ಆಟ ಅಂತ ಟೆಲಿಗ್ರಾಮಿನಲ್ಲಿ ಲಿಂಕು ಬಿಡುವವರು ಮುಚ್ಚಿಲ್ಲ.

ನನ್ನ ಟೇಬಲಿಗೆ ಬರುವ ಫೋನುಗಳ ಕತೆ ಒಂದೆರಡು ಹೇಳ್ತೀನಿ. ಭಾಷಣಕ್ಕೆ ಬೇಕಾದರೆ ಬಳಸಿಕೊಳ್ಳಿ.

ಹೋದ ತಿಂಗಳು ಒಬ್ಬ ಹುಡುಗ ಫೋನ್ ತಂದ. ಬ್ಯಾಟರಿ ನಿಲ್ತಿಲ್ಲ, ಬಿಸಿ ಆಗುತ್ತೆ ಅಂದ. ಬ್ಯಾಟರಿ ಚೆನ್ನಾಗಿಯೇ ಇತ್ತು. ಒಳಗೆ ಹುಡುಕಿದರೆ ಹೆಸರೇ ಇಲ್ಲದ, ಐಕಾನೂ ಇಲ್ಲದ ಒಂದು ಆ್ಯಪ್. ಆಟೋ ಹೆಡ್‌ಶಾಟ್ ಬರುತ್ತೆ, ಅಂದರೆ ಗುಂಡು ತಾನಾಗಿ ಎದುರಾಳಿಯ ತಲೆಗೇ ಬೀಳುತ್ತೆ ಅಂತ ಯಾವುದೋ ವಿಡಿಯೋ ಕೆಳಗಿನ ಲಿಂಕಿನಿಂದ ಇಳಿಸಿದ್ದ. ಇಳಿಸುವಾಗ ಪ್ಲೇ ಪ್ರೊಟೆಕ್ಟ್ (ಕೆಟ್ಟ ಆ್ಯಪ್ ಹಿಡಿಯುವ ಗೂಗಲ್ಲಿನ ಕಾವಲು) ಆಫ್ ಮಾಡು ಅಂತ ಆ ವಿಡಿಯೋದಲ್ಲೇ ಹೇಳಿಕೊಟ್ಟಿದ್ದರು. ಮನೆಗೆ ಕಳ್ಳ ಬರುವ ಮೊದಲು ನಾಯಿ ಕಟ್ಟಿಹಾಕು ಅಂದ ಹಾಗೆ. ಆ ಆ್ಯಪು ಎಸ್ಸೆಮ್ಮೆಸ್ ಓದುವ ಪರ್ಮಿಷನ್ ತಗೊಂಡಿತ್ತು, ಆಕ್ಸೆಸಿಬಿಲಿಟಿ ಪರ್ಮಿಷನ್ನೂ ತಗೊಂಡಿತ್ತು. ಮೊದಲನೆಯದರಿಂದ ಒಟಿಪಿ ಕಾಣುತ್ತದೆ. ಎರಡನೆಯದು ಇನ್ನೂ ಅಪಾಯ: ಪರದೆ ಮೇಲೆ ಏನಿದೆ ಅಂತ ನೋಡಬಹುದು, ನಿಮ್ಮ ಪರವಾಗಿ ತಾನೇ ಬಟನ್ ಒತ್ತಬಹುದು. ಕಣ್ಣಿಲ್ಲದವರಿಗೆ, ಕೈ ಆಡದವರಿಗೆ ಅನುಕೂಲ ಆಗಲಿ ಅಂತ ಮಾಡಿದ ಸೌಲಭ್ಯ ಅದು. ಗೇಮಿಗೆ ಅದು ಯಾಕೆ ಬೇಕು? ಅದೃಷ್ಟಕ್ಕೆ ಆ ಫೋನಿನಲ್ಲಿ ಬ್ಯಾಂಕಿನ ಸಿಮ್ ಇರಲಿಲ್ಲ. ಫೋನು ಪೂರ್ತಿ ಖಾಲಿ ಮಾಡಿ, ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿಕೊಟ್ಟೆ.

ಫ್ರೀ ಡೈಮಂಡ್, ಫ್ರೀ ಯುಸಿ (ಗೇಮಿನೊಳಗೆ ಸಾಮಾನು ಕೊಳ್ಳುವ ನಾಣ್ಯಗಳು) ಸೈಟುಗಳದು ಇನ್ನೊಂದು ಬಗೆ. ಪ್ಲೇಯರ್ ಐಡಿ ಹಾಕು ಅನ್ನುತ್ತೆ, ಹಾಕಿದರೆ ಚಕ್ರ ತಿರುಗಿ 10,000 ಡೈಮಂಡ್ ಗೆದ್ದೆ ಅನ್ನುತ್ತೆ. ಪಡೆಯಲು ಫೇಸ್‌ಬುಕ್ಕಿನಲ್ಲೋ ಗೂಗಲಿನಲ್ಲೋ ಲಾಗಿನ್ ಆಗು ಅನ್ನುತ್ತೆ. ಆ ಲಾಗಿನ್ ಪುಟವೇ ಡೂಪ್ಲಿಕೇಟು. ನಾನು ಹುಡುಗರಿಗೆ ಒಂದು ಗುರುತು ಹೇಳಿಕೊಡ್ತೀನಿ. ಫೋನಿನಲ್ಲಿ ಗೂಗಲ್ ಖಾತೆ ಮೊದಲೇ ಇದ್ದರೆ, ಅಸಲಿ ಗೇಮು ಸಾಮಾನ್ಯವಾಗಿ ಯಾವ ಖಾತೆ ಅಂತ ಆರಿಸಲು ಕೇಳುತ್ತೆ ಅಷ್ಟೇ. ಪಾಸ್‌ವರ್ಡ್ ಮತ್ತೆ ಟೈಪ್ ಮಾಡು ಅಂತ ಕೇಳಿದರೆ ನಿಲ್ಲು, ಮೇಲೆ ಅಡ್ರೆಸ್ ಬಾರ್ ನೋಡು. ಐಡಿ ಕಳೆದುಕೊಂಡವನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅವನ ಹೆಸರಲ್ಲೇ ಅವನ ಸ್ಕ್ವಾಡಿನ (ಜೊತೆಗೆ ಆಡುವ ತಂಡದ) ಹುಡುಗರಿಗೆಲ್ಲ "500 ಕಳ್ಸು ಮಗ, ಅರ್ಜೆಂಟು" ಅಂತ ಮೆಸೇಜ್ ಹೋಗುತ್ತೆ. ಗೆಳೆಯ ಕೇಳಿದ ಅಂತ ಅವರೂ ಕಳಿಸ್ತಾರೆ. ಎರಡು ಹಂತದ ಲಾಗಿನ್ ಹಾಕಿಟ್ಟರೆ ಪಾಸ್‌ವರ್ಡ್ ಒಂದರಿಂದಲೇ ಕಳ್ಳ ಒಳಗೆ ಬರುವುದು ಕಷ್ಟ. ಅದನ್ನು ಹಾಕಲು ಎರಡು ನಿಮಿಷ ಸಾಕು.

ಹೆಣ್ಣುಮಕ್ಕಳ ಫೋನಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನನ್ನನ್ನು ನಂಬಿ ಕೊಟ್ಟ ಫೋನುಗಳು ಅವು. ಅವರೂ ಆಡ್ತಾರೆ, ಮೈಕ್ ಆನ್ ಮಾಡಿ ಆಡ್ತಾರೆ. ಸ್ಕ್ವಾಡಿಗೆ ಬಂದ ಅಪರಿಚಿತ ಎರಡು ವಾರ ಚೆನ್ನಾಗಿ ಆಡಿ, ಒಂದು ಸ್ಕಿನ್ ಗಿಫ್ಟ್ ಕೊಟ್ಟು, ಇನ್‌ಸ್ಟಾಗ್ರಾಮಿಗೆ ಬಾ ಅಂತಾನೆ. ಅಲ್ಲಿ ಫೋಟೋ ಕೇಳ್ತಾನೆ. ಆಮೇಲೆ ಬೆದರಿಕೆ. ದುಡ್ಡು ಕೊಟ್ಟರೂ ಅದು ನಿಲ್ಲುವುದಿಲ್ಲ, ಹೆಚ್ಚುತ್ತದೆ. ಮಗುವಿಗೆ ಹದಿನೆಂಟು ತುಂಬಿಲ್ಲದಿದ್ದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಮೇಲೆ ಹೇಳಿದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೇ ಹೆಸರು ಹೇಳದೆ ದೂರು ಕೊಡುವ ಅವಕಾಶವೂ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಚಾಟ್ ಅಳಿಸಬೇಡಿ, ಸಾಕ್ಷಿ ಅದೇ. ಇಲ್ಲೂ ಕಳ್ಳನ ಕೈಯಲ್ಲಿರುವುದು ಮನೆಯವರ ಭಯವೇ, ನೋಡಿ. "ನಿಮ್ಮ ಮನೆಯವರಿಗೆ ಕಳಿಸ್ತೀನಿ" ಅನ್ನುವ ಒಂದು ಮಾತಿನ ಮೇಲೆ ಅವನ ವ್ಯಾಪಾರ ಎಲ್ಲ ನಿಂತಿದೆ. ಮನೆಯವರು ನಮ್ಮ ಕಡೆ ಅಂತ ಆ ಹುಡುಗಿಗೆ ಗ್ಯಾರಂಟಿ ಇದ್ದರೆ ಅವನ ಹತ್ರ ಏನು ಉಳಿಯಿತು?

ಪಿಯುಸಿ, ಡಿಗ್ರಿ ಹುಡುಗರದು ಬೇರೆಯೇ ಬಲೆ. ಗೇಮಿಂಗ್ ಗ್ರೂಪಿನಲ್ಲೇ ಕೇಳ್ತಾರಂತೆ: ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು, ದುಡ್ಡು ಬಂದು ಹೋಗುತ್ತೆ, ನಿಂಗೆ ಕಮಿಷನ್ ಅಂತ. ಬಂದು ಹೋಗುವುದು ನನ್ನ ತಂಗಿಯಂಥವರ ದುಡ್ಡು. ಪೊಲೀಸರು ಬಂದಾಗ ಸಿಗುವ ವಿಳಾಸ ಈ ಹುಡುಗನದು. ಖಾತೆ ಫ್ರೀಜ್, ಕೇಸು ಬೇರೆ.

ಇಷ್ಟೆಲ್ಲ ಆದ ಮೇಲೆ ನಾನು ಅಂಗಡಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮನೆಗೆ ಒಂದೇ ಫೋನು ಅನ್ನುವವರು ರಿಪೇರಿಗೆ ಬಂದರೆ, ಕೇಳಿಕೊಂಡು, ನಾಲ್ಕು ಸೆಟ್ಟಿಂಗ್ ಸರಿ ಮಾಡಿಯೇ ಕಳಿಸುವುದು. ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕುವ ಪರ್ಮಿಷನ್ ತೆಗೆಯುತ್ತೇನೆ. ಪ್ಲೇ ಸ್ಟೋರಿನಲ್ಲಿ ಏನೇ ಖರೀದಿಸಿದರೂ ಪ್ರತಿ ಸಲ ಪಾಸ್‌ವರ್ಡ್ ಕೇಳುವ ಹಾಗೆ ಮಾಡುತ್ತೇನೆ. ಎರಡು ಖಾತೆ ಇರುವವರಿಗೆ, ಯುಪಿಐಗೆ ಚಿಕ್ಕ ಖಾತೆ ಜೋಡಿಸಿ, ಅದರಲ್ಲಿ ಸಾವಿರ ರೂಪಾಯಿಗಿಂತ ಜಾಸ್ತಿ ಇಡಬೇಡಿ, ಹಾಲಿನ ದುಡ್ಡು ಇನ್ನೊಂದರಲ್ಲಿ ಇರಲಿ ಅಂತೀನಿ. ಸಣ್ಣ ಪೇಮೆಂಟಿಗೆ ಇರುವ ಯುಪಿಐ ಲೈಟ್‌ಗೆ ಪಿನ್ ಬೇಕಾಗುವುದಿಲ್ಲ, ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಅದು ಬೇಡ. ಹಳೆ ಫೋನು ಒಂದು ಮನೆಯಲ್ಲಿ ಬಿದ್ದಿದ್ದರೆ ಬ್ಯಾಂಕಿನ ಸಿಮ್ಮನ್ನು ಅದಕ್ಕೆ ಹಾಕಿಸಿ ಯುಪಿಐಯನ್ನೂ ಅದರಲ್ಲೇ ಇಡಿಸುತ್ತೇನೆ. ಆಟದ ಫೋನು ಬೇರೆ, ದುಡ್ಡಿನ ಫೋನು ಬೇರೆ. ಎಲ್ಲಕ್ಕಿಂತ ಗಟ್ಟಿಯಾದ ಬೀಗ ಇದೇ. ಇದಕ್ಕೆ ನಾನು ಕಾಸು ತಗೊಳ್ಳುವುದಿಲ್ಲ. ಟೆಂಪರ್ಡ್ ಗ್ಲಾಸಿನಲ್ಲಿ ತಗೊಳ್ತೀನಲ್ಲ.

ಆದರೆ ಸೆಟ್ಟಿಂಗಿಗೆ ಸಿಗದ ಒಂದು ವಿಷಯ ಇದೆ. ಅದು ನಿಮ್ಮ ಕೈಲಿರುವುದು.

ಪ್ರತಿಜ್ಞೆ ಕೈಬಿಡಿ. ಆಡಬೇಡಿ ಅನ್ನುವ ಬದಲು, ಆಡುವಾಗ ಏನಾದರೂ ಆದರೆ ಯಾರಿಗೆ ಹೇಳಬೇಕು ಅನ್ನುವುದನ್ನು ಹೇಳಿಕೊಡಿ. ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರೋ ಮೇಡಮ್ಮೋ ಇದಕ್ಕೆ ಅಂತ ಇರಲಿ. ದೊಡ್ಡ ತರಬೇತಿ ಬೇಡ, ಬೈಯದೆ ಕೇಳಿಸಿಕೊಂಡು 1930ಕ್ಕೆ ಫೋನ್ ಹಚ್ಚುವವರು ಸಾಕು. ಮಗು ಬಂದು ಹೇಳಿದ್ದನ್ನು ಪ್ರಾರ್ಥನೆ ಸಮಯದಲ್ಲಿ ಮೈಕಿನಲ್ಲಿ ಉದಾಹರಣೆ ಕೊಡುವವರು ಮಾತ್ರ ಬೇಡ. ಅಂಥವರು ಇದ್ದಾರೆ, ನಿಮಗೂ ಗೊತ್ತು.

ಬಿಸಿಯೂಟದ ಪಟ್ಟಿ ಬರೆದ ಗೋಡೆ ಎಲ್ಲ ಸ್ಕೂಲಿನಲ್ಲೂ ಇದೆ. ಅದರ ಪಕ್ಕದಲ್ಲಿ 1930 ಅಂತ ಕೈ ಉದ್ದದ ಅಂಕಿಯಲ್ಲಿ ಬರೆಸಿ. ಕೆಳಗೆ, "ದುಡ್ಡು ಬರಲು ಪಿನ್ ಬೇಡ, ಕೇಳಿದರೆ ದುಡ್ಡು ಹೋಗುತ್ತಿದೆ ಅಂತ." ಅದರ ಕೆಳಗೆ, "ಹೇಳಿದ ಮಗುವಿಗೆ ಏಟಿಲ್ಲ." ಮೂರೇ ಸಾಲು. ಪೇಂಟರ್ ಕೂಲಿ ನಾನು ಕೊಡ್ತೀನಿ, ಮೊದಲ ಐದು ಸ್ಕೂಲಿಗೆ.

ಪೋಷಕರ ಸಭೆಗೆ ತಾಯಂದಿರು ಬರ್ತಾರೆ, ಸೈನ್ ಹಾಕಿ ಹೋಗ್ತಾರೆ. ಅವತ್ತು ಅರ್ಧ ಗಂಟೆ ಅವರ ಫೋನು ಅವರ ಕೈಯಲ್ಲೇ ಇರಲಿ. ಅವರೇ ಪಿನ್ ಬದಲಿಸಲಿ. ಬ್ಯಾಲೆನ್ಸ್ ನೋಡುವುದನ್ನು ಅವರೇ ಕಲಿಯಲಿ. ಕಲಿಸುವವರು ಅವರ ಮಕ್ಕಳೇ ಆಗಲಿ, ಪಕ್ಕದಲ್ಲಿ ಕೂರಿಸಿ. ಆ ಮಕ್ಕಳಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಬರುತ್ತದೆ. ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಜಾಗ ಇದೆ, ಅಲ್ಲೂ ಮಾಡಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ರಸ್ತೆ, ಬೀದಿದೀಪದ ಜೊತೆ ಈ ಮಾತೂ ಬರಲಿ.

ಅಪ್ಪಂದಿರಿಗೆ ಒಂದೇ ಮಾತು. ನಮ್ಮ ಭಾವನಿಗೆ ಹೇಳಿದ್ದನ್ನೇ ಹೇಳ್ತೀನಿ. ಅವತ್ತು ಸಂಜೆ ನಾನೇ ಅವರ ಜೊತೆ ಊರಿಗೆ ಹೋದೆ, ಹುಡುಗನನ್ನು ಒಬ್ಬನೇ ಕಳಿಸಲು ಧೈರ್ಯ ಬರಲಿಲ್ಲ. ಭಾವ ಜಗುಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. "ಅವ್ನು ನನ್ ಹೆಸ್ರು ಹೇಳಿ ಆರ್ ಸಾವ್ರ ಕಿತ್ನಾ?" ಅಂತ ಕೇಳಿದರು. ಹೌದು ಅಂದೆ. ಎದ್ದು ಒಳಗೆ ಹೋದರು. ನನ್ನ ಎದೆ ಧಸಕ್ಕೆಂದಿತು. ಹೊರಗೆ ಬಂದಾಗ ಕೈಯಲ್ಲಿ ಎರಡು ಲೋಟ ಕಾಫಿ ಇತ್ತು. ಒಂದು ನನಗೆ ಕೊಟ್ಟರು, ಒಂದನ್ನು ಮಗನ ಮುಂದೆ ಇಟ್ಟರು.

ಹುಡುಗ ಈಗಲೂ ಆಡ್ತಾನೆ, ಭಾನುವಾರ ಒಂದೂವರೆ ಗಂಟೆ. ಹೋದ ವಾರ ನನಗೆ ಫೋನ್ ಮಾಡಿದ್ದ. "ಮಾವ, ಒಬ್ಬ ಲಿಂಕ್ ಕಳ್ಸವ್ನೆ, ಒತ್ತಿಲ್ಲ, ಏನ್ ಮಾಡ್ಲಿ?" ಅಂತ.

ಅಂಗಡಿಗೆ ಮಂಗಳವಾರ ರಜೆ. ಯಾವ ಸ್ಕೂಲಿನವರು ಕರೆದರೂ ಆ ದಿನ ಬರ್ತೀನಿ, ಬಸ್ ಚಾರ್ಜೂ ಬೇಡ. ಪ್ರೊಜೆಕ್ಟರ್, ಹಾರ, ಶಾಲು ಏನೂ ಬೇಡ. ನಾಲ್ಕು ಹಳೆ ಫೋನು ಚೀಲದಲ್ಲಿ ಹಾಕಿಕೊಂಡು ಬರ್ತೀನಿ. ಚಾರ್ಜ್ ಹಾಕಲು ಒಂದು ಪ್ಲಗ್ ಪಾಯಿಂಟ್ ಕೊಡಿಸಿ.

ಇಂತಿ,
ಗುತ್ತಲು ರಸ್ತೆಯ ಮೊಬೈಲ್ ಅಂಗಡಿಯವನು,
ಮಂಡ್ಯ